ಅಣುವಿನ ಕಂಪನ ಎಷ್ಟು ಹೊತ್ತು ಉಳಿಯುತ್ತೆ: ಎಫ್‌ಟಿಐಆರ್ ಸಾಕಾ, ಪಂಪ್-ಪ್ರೋಬ್ ಬೇಕಾ?

ಇನ್‌ಫ್ರಾರೆಡ್ ಬೆಳಕು ಹೀರಿದ ಅಣು ಜೋರಾಗಿ ಕಂಪಿಸುತ್ತದೆ. ಆ ಶಕ್ತಿ ಎಷ್ಟು ಬೇಗ ಇಳಿಯುತ್ತದೆ ಅನ್ನೋದನ್ನು ಎರಡು ರೀತಿ ಅಳೆದು ನೋಡಿದ್ದೇನೆ. ಒಂದು, ಕಲಬುರಗಿಯ ನಮ್ಮ ಲ್ಯಾಬಿನ ಎಫ್‌ಟಿಐಆರ್, ಅಂದರೆ ವಸ್ತು ಯಾವ ಇನ್‌ಫ್ರಾರೆಡ್ ಬೆಳಕನ್ನು ಎಷ್ಟು ಹೀರುತ್ತದೆ ಅಂತ ತೋರಿಸುವ ಯಂತ್ರ. ಇನ್ನೊಂದು, ಹೈದರಾಬಾದಿನ ಒಂದು ಲೇಸರ್ ಲ್ಯಾಬಿನ ಪಂಪ್-ಪ್ರೋಬ್, ಅಂದರೆ ಒಂದರ ಹಿಂದೆ ಒಂದು ಎರಡು ಲೇಸರ್ ಪಲ್ಸ್ ಕಳಿಸುವ ವಿಧಾನ. ಎರಡೂ ಕಡೆ ಅಳೆದದ್ದು ಹೆಕ್ಸೇನ್ ದ್ರಾವಕದಲ್ಲಿ ಕರಗಿಸಿದ ಟಂಗ್‌ಸ್ಟನ್ ಹೆಕ್ಸಾಕಾರ್ಬೊನಿಲ್ಲೇ (ಒಂದು ಟಂಗ್‌ಸ್ಟನ್ ಪರಮಾಣುವಿಗೆ ಆರು ಕಾರ್ಬನ್ ಮಾನಾಕ್ಸೈಡ್ ಸೇರಿದ ಅಣು). 1983 ವೇವ್‌ನಂಬರ್ (ಒಂದು ಸೆಂಟಿಮೀಟರಿನಲ್ಲಿ ಎಷ್ಟು ಬೆಳಕಿನ ಅಲೆ ಅನ್ನೋ ಲೆಕ್ಕ) ಹತ್ತಿರ ಅದು ಬೆಳಕು ಹೀರುವ ಪೀಕ್ ಎದ್ದು ಕಾಣುತ್ತದೆ.

ಎಫ್‌ಟಿಐಆರ್ ಸುಲಭ. ಸೆಲ್ ತುಂಬಿಸಿಟ್ಟು ಚಹಾ ಕುಡಿದು ಬರುವಷ್ಟರಲ್ಲಿ ಸ್ಪೆಕ್ಟ್ರಮ್ ರೆಡಿ. ಮಳೆಗಾಲದಲ್ಲಿ ಗಾಳಿಯ ತೇವದ ಗೆರೆಗಳು ನಡುವೆ ತಲೆಹಾಕುತ್ತವೆ, ಅಷ್ಟೇ. ಪೀಕಿನ ಅಗಲ ಸುಮಾರು 3 ವೇವ್‌ನಂಬರ್. ಅಗಲದಿಂದ ಆಯಸ್ಸು ತೆಗೆಯುವ ಸೂತ್ರದಂತೆ 5.3 ಅನ್ನು ಅದರಿಂದ ಭಾಗಿಸಿದರೆ 1.8 ಪಿಕೋಸೆಕೆಂಡ್ (ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಪಾಲು ಒಂದು ಪಿಕೋಸೆಕೆಂಡ್). ಆದರೆ ನಿಜವಾದ ಆಯಸ್ಸು ಸುಮಾರು 150 ಪಿಕೋಸೆಕೆಂಡ್! ಸುತ್ತಲಿನ ದ್ರಾವಕ ಸದಾ ಅಲುಗಾಡುತ್ತಾ ಕಂಪನದ ಲಯ ಕೆಡಿಸುತ್ತದೆ. ಪೀಕ್ ಅಗಲವಾಗುವುದು ಹೆಚ್ಚಾಗಿ ಅದರಿಂದ. ಶಕ್ತಿ ಇನ್ನೂ ಅಣುವಿನಲ್ಲೇ ಇರುತ್ತದೆ. ಹಾಗಾಗಿ ದ್ರಾವಣದಲ್ಲಿ ಬರೀ ಅಗಲ ನೋಡಿ ಆಯಸ್ಸು ಹೇಳಬಾರದು, ಇದು ನನ್ನ ಖಚಿತ ಅಭಿಪ್ರಾಯ.

ಪಂಪ್-ಪ್ರೋಬ್ ನೇರವಾಗಿ ಕಾಲವನ್ನೇ ಅಳೆಯುತ್ತದೆ. ಮೊದಲ ಪಲ್ಸ್ ಅಣುವನ್ನು ಎಬ್ಬಿಸುತ್ತದೆ, ತಡವಾಗಿ ಬಂದ ಎರಡನೆಯದು ಎಷ್ಟು ಉಳಿದಿದೆ ಅಂತ ನೋಡುತ್ತದೆ. ಆ ತಡ ಕೊಡೋದು ಒಂದು ಕನ್ನಡಿ. 0.15 ಮಿಲಿಮೀಟರ್ ಹಿಂದೆ ಸರಿದರೆ, ಹೋಗಿ ಬರುವ ದಾರಿ ಸೇರಿ, 1 ಪಿಕೋಸೆಕೆಂಡ್ ತಡ. ಕಣ್ಣಿಗೆ ಕಾಣದಷ್ಟು ಚಿಕ್ಕ ಕಾಲ ಮೋಟಾರಿನ ಮೆಲ್ಲಗಿನ ಓಡಾಟವಾಗಿ ಎದುರಿಗೇ ಕಾಣುತ್ತದಲ್ವಾ, ನನಗೆ ಬಹಳ ಇಷ್ಟವಾದದ್ದು ಇದೇ.

ಕಷ್ಟವೂ ಜಾಸ್ತಿ. ಎರಡು ಕಿರಣಗಳನ್ನು ಸೆಲ್ಲಿನ ಒಂದೇ ಚುಕ್ಕೆಯಲ್ಲಿ ಕೂಡಿಸುವುದಕ್ಕೇ ಅರ್ಧ ದಿನ ಹೋಗುತ್ತದೆ. ಡಿಟೆಕ್ಟರಿಗೆ ದ್ರವ ನೈಟ್ರೋಜನ್ ಹಾಕುತ್ತಿರಬೇಕು. ಅಣುವಿನ ತಿರುಗಾಟ ಲೆಕ್ಕ ಕೆಡಿಸದಂತೆ ಎರಡು ಕಿರಣಗಳ ಪೋಲರೈಸೇಷನ್‌ಗಳ (ಬೆಳಕಿನ ಅಲೆ ಆಡುವ ದಿಕ್ಕುಗಳ) ನಡುವೆ 54.7 ಡಿಗ್ರಿ ಇಡಬೇಕು. ಅಲ್ಲಿ ಡಿಟೆಕ್ಟರ್ ಆರಿಸೋ ಅವಕಾಶ ಸಿಕ್ಕರೆ ಒಂದೇ ಸಲ ಹಲವು ವೇವ್‌ನಂಬರ್ ನೋಡುವ, ಹಲವು ಪಿಕ್ಸೆಲ್ ಇರುವುದನ್ನೇ ಕೇಳಿ. ಮೂಲ ಪೀಕಿನ ಜೊತೆಗೆ ಸುಮಾರು 15 ವೇವ್‌ನಂಬರ್ ಕೆಳಗೆ, ಎದ್ದ ಅಣುಗಳ ಪೀಕೂ ಕಾಣುತ್ತದೆ. ಎರಡೂ ಒಂದೇ ವೇಗದಲ್ಲಿ ಇಳಿದರೆ ಅಂಕಿಯನ್ನು ಧೈರ್ಯವಾಗಿ ನಂಬಬಹುದು.

ಹಾಗಂತ ಎಫ್‌ಟಿಐಆರ್ ಬಿಡಬೇಡಿ. ಪೀಕ್ ಎಲ್ಲಿದೆ, ದ್ರಾವಣ ಎಷ್ಟು ಗಟ್ಟಿ ಇರಬೇಕು, ಇದನ್ನೆಲ್ಲ ಕಲಬುರಗಿಯಲ್ಲೇ ಮುಗಿಸಿಕೊಂಡು ರೈಲು ಹತ್ತಿ. ಲೇಸರ್ ಸಮಯ ಉಳಿಯುತ್ತದೆ. ಕಾರ್ಬನ್ ಟೆಟ್ರಾಕ್ಲೋರೈಡ್‌ನಲ್ಲಾದರೆ ಇದೇ ಅಣುವಿನ ಆಯಸ್ಸು 700 ಪಿಕೋಸೆಕೆಂಡ್ ಆಸುಪಾಸು. ಕನ್ನಡಿ 15 ಸೆಂಟಿಮೀಟರ್ ಓಡಿದರೂ ಸಿಗೋ ತಡ 1000 ಪಿಕೋಸೆಕೆಂಡ್ ಮಾತ್ರ, ಇಳಿತವನ್ನು ಪೂರ್ತಿ ನೋಡಲು ಅದು ಸಾಲದು. ಕನ್ನಡಿ ಓಡುವ ಸ್ಟೇಜ್ ಎಷ್ಟು ಉದ್ದ ಅಂತ ಹೊರಡುವ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ.