ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್: ಯುಇಎಫ್‌ಐ, ವಿಂಡೋಸ್ ವೇಷ, ಲೆಗಸಿ – ಮೂರರಲ್ಲಿ ಯಾವುದು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಲೆಗಸಿ ಮೋಡ್‌ಗೆ. ಅಂದರೆ ಆನ್ ಮಾಡಿದಾಗ ಲ್ಯಾಪ್‌ಟಾಪ್ ಎದ್ದೇಳುವ (ಬೂಟ್ ಆಗುವ) ಹಳೇ ಬಯಾಸ್ ವಿಧಾನ; ಯುಇಎಫ್‌ಐ ಅದರ ಜಾಗಕ್ಕೆ ಬಂದ ಹೊಸದು. ಲ್ಯಾಪ್‌ಟಾಪ್ ಹತ್ತು ಹನ್ನೆರಡು ವರ್ಷ ಹಳೆಯದು, ವಿಂಡೋಸ್ ಉಳಿಸಿಕೊಳ್ಳುವ ಆಸೆ ಇಲ್ಲ, ಲಿನಕ್ಸ್ ಒಂದಿದ್ದರೆ ಸಾಕು ಎನ್ನುವವರು ಯುಇಎಫ್‌ಐ ಜೊತೆ ಗುದ್ದಾಡುವುದು ಸುಮ್ನೆ ತಲೆನೋವು. ಮೂರೂ ದಾರಿಗಳನ್ನು ಒಂದೇ ಮಷೀನ್ ಮೇಲೆ ಮಾಡಿ ನೋಡಿದ್ದೇನೆ.

ಮಷೀನ್ ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್. ಮೂರನೇ ತಲೆಮಾರಿನ ಐ3, 4 ಜಿಬಿ ರ್‍ಯಾಮ್. ಚೌಕಾಸಿ ಮಾಡಿ ಒಂಬತ್ತು ಸಾವಿರಕ್ಕೆ ಇಳಿಸಿದೆ. ಒಳಗಿದ್ದ ಹಾರ್ಡ್ ಡಿಸ್ಕ್ ತೆಗೆದು ಸಣ್ಣದೊಂದು ಎಸ್‌ಎಸ್‌ಡಿ ಹಾಕಿಸಿದೆ. ಹಳೇ ಲ್ಯಾಪ್‌ಟಾಪ್‌ಗೆ ದುಡ್ಡು ಹಾಕುವುದಾದರೆ ಮೊದಲು ಇದಕ್ಕೇ ಹಾಕಿ. ಯಾವ ಕಂಪನಿಯ ಮಷೀನ್ ಅಂತ ಹೇಳುವುದಿಲ್ಲ. ಆ ಕಾಲದ ಬೇರೆ ಬೇರೆ ಕಂಪನಿಗಳ ಲ್ಯಾಪ್‌ಟಾಪ್‌ಗಳಲ್ಲೂ ಮುಂದೆ ಹೇಳುವ ಬೂಟ್ ಕಾಯಿಲೆ ಇದೆ.

ಲ್ಯಾಪ್‌ಟಾಪ್ ಬೇಕಿದ್ದದ್ದು ಅಪ್ಪನಿಗೆ. ಇ-ಪೇಪರ್ ಓದಲು, ಯೂಟ್ಯೂಬ್ ನೋಡಲು, ಆಗಾಗ ಸಂಘದ ಪತ್ರ ಕನ್ನಡದಲ್ಲಿ ಟೈಪ್ ಮಾಡಲು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿತು. 11 ಹಾಕೋಣವೆಂದರೆ ಅದು ಇಂಟೆಲ್‌ನಲ್ಲಿ ಎಂಟನೇ ತಲೆಮಾರು, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ. ಹಾಗಾಗಿ ಲಿನಕ್ಸ್ ಮಿಂಟ್ 22, ಎಕ್ಸ್‌ಎಫ್‌ಸಿಇ ಆವೃತ್ತಿ. ಇದರ ಬಗ್ಗೆ ನನಗೆ ಗೊಂದಲವೇ ಇರಲಿಲ್ಲ. ಗೊಂದಲ ಶುರುವಾದದ್ದು ಬೂಟ್‌ನಲ್ಲಿ.

ಮೊದಲ ದಾರಿ ಎಲ್ಲರೂ ಹೋಗುವ ದಾರಿ: ಯುಇಎಫ್‌ಐ ಮೋಡ್, ಎಲ್ಲವೂ ಡಿಫಾಲ್ಟ್. ಪೆನ್‌ಡ್ರೈವ್‌ನಿಂದ ಮಿಂಟ್ ಚೆನ್ನಾಗಿಯೇ ಎದ್ದಿತು. ವೈಫೈ ಬಂತು, ಟಚ್‌ಪ್ಯಾಡ್ ಬಂತು, ಇನ್‌ಸ್ಟಾಲ್ ಯಾವ ತಕರಾರೂ ಇಲ್ಲದೆ ಮುಗಿಯಿತು. ಪೆನ್‌ಡ್ರೈವ್ ತೆಗೆದು ಎಂಟರ್ ಒತ್ತಿ ಎಂದಿತು, ಒತ್ತಿದೆ. ಕಪ್ಪು ಪರದೆ, ಅದರ ಮೇಲೆ ಬಿಳಿ ಅಕ್ಷರದಲ್ಲಿ ಒಂದೇ ಸಾಲು: ಬೂಟ್ ಆಗುವ ಡಿವೈಸ್ ಯಾವುದೂ ಇಲ್ಲ, ಡಿಸ್ಕ್ ಹಾಕಿ ಯಾವುದಾದರೂ ಕೀ ಒತ್ತಿ.

ಇಂಥ ಹೊತ್ತಿನಲ್ಲಿ ಜನ ಎಸ್‌ಎಸ್‌ಡಿ ಮೇಲೆ ಅನುಮಾನ ಪಡುತ್ತಾರೆ, ಅಂಗಡಿಗೆ ವಾಪಸ್ ಓಡುತ್ತಾರೆ. ಡಿಸ್ಕ್ ಚೆನ್ನಾಗಿಯೇ ಇತ್ತು. ಪೆನ್‌ಡ್ರೈವ್‌ನಿಂದ ಮತ್ತೆ ಎದ್ದು ನೋಡಿದರೆ ಫೈಲ್‌ಗಳೆಲ್ಲ ಇದ್ದ ಜಾಗದಲ್ಲೇ ಇವೆ. ಬೂಟ್ ಫೈಲ್‌ಗಳಿಗೆಂದೇ ಡಿಸ್ಕ್‌ನಲ್ಲಿರುವ ಇಎಫ್‌ಐ ಪಾರ್ಟಿಶನ್‌ನಲ್ಲಿ ಉಬುಂಟು ಎಂಬ ಫೋಲ್ಡರ್ ಇದೆ (ಮಿಂಟ್ ತನ್ನ ಬೂಟ್ ಫೈಲ್‌ಗಳನ್ನು ಇಡುವುದು ಆ ಹೆಸರಲ್ಲೇ), ಅದರಲ್ಲಿ ಲಿನಕ್ಸನ್ನು ಎಬ್ಬಿಸುವ ಬೂಟ್‌ಲೋಡರ್ ಗ್ರಬ್ ಕೂಡ ಇದೆ. ಹಾಗಾದರೆ ತೊಂದರೆ ಎಲ್ಲಿ?

ಯುಇಎಫ್‌ಐ ಯಾವ ಫೈಲ್‌ನಿಂದ ಬೂಟ್ ಆಗಬೇಕು ಎಂಬ ಪಟ್ಟಿಯನ್ನು ಡಿಸ್ಕ್‌ನಲ್ಲಿ ಇಡುವುದಿಲ್ಲ, ಮದರ್‌ಬೋರ್ಡ್‌ನಲ್ಲಿ ಆಫ್ ಮಾಡಿದರೂ ಅಳಿಯದ ಮೆಮೊರಿಯಾದ ಎನ್‌ವಿರ್‍ಯಾಮ್‌ನಲ್ಲಿ ಇಡುತ್ತದೆ. ಇನ್‌ಸ್ಟಾಲರ್ ಅಲ್ಲಿ ತನ್ನ ಹೆಸರು ಬರೆಸಿ ಬರುತ್ತದೆ. ಇಎಫ್‌ಐಬೂಟ್‌ಎಂಜಿಆರ್ ಎಂಬ ಕಮಾಂಡ್ ಕೊಟ್ಟು ನೋಡಿದೆ, ಪಟ್ಟಿಯಲ್ಲಿ ಉಬುಂಟು ಇಲ್ಲವೇ ಇಲ್ಲ. ಕೈಯಾರೆ ಸೇರಿಸಿದೆ, ಮೊದಲ ಸಾಲಿಗೇ ಬಂತು. ರೀಸ್ಟಾರ್ಟ್ ಮಾಡಿದೆ. ಮತ್ತೆ ಅದೇ ಬಿಳಿ ಸಾಲು. ಪೆನ್‌ಡ್ರೈವ್ ಹಾಕಿ ನೋಡಿದರೆ ಹೆಸರು ಮತ್ತೆ ಮಾಯ. ಅಪಾರ್ಟ್‌ಮೆಂಟ್ ಗೇಟಿನಲ್ಲಿ ಕೆಲವು ವಾಚ್‌ಮನ್‌ಗಳು ಇರುತ್ತಾರಲ್ಲ, ರಿಜಿಸ್ಟರ್‌ನಲ್ಲಿ ನೀವು ಏನೇ ಬರೆದಿದ್ದರೂ ತನಗೆ ಮುಖ ಪರಿಚಯ ಇದ್ದವರನ್ನು ಮಾತ್ರ ಒಳಗೆ ಬಿಡುವವರು, ಮದರ್‌ಬೋರ್ಡ್‌ನಲ್ಲೇ ಕೂತಿರುವ ಈ ಸಾಫ್ಟ್‌ವೇರ್, ಅಂದರೆ ಫರ್ಮ್‌ವೇರ್, ಥೇಟ್ ಹಾಗೇ. ಪ್ರತಿ ಸಲ ಆನ್ ಆದಾಗಲೂ ಪಟ್ಟಿಯನ್ನು ತಾನೇ ಹೊಸದಾಗಿ ಬರೆಯುತ್ತದೆ. ಅದಕ್ಕೆ ಪರಿಚಯ ಇರುವುದು ಒಂದೇ ವಿಳಾಸ: ಮೈಕ್ರೋಸಾಫ್ಟ್ ಫೋಲ್ಡರ್, ಅದರೊಳಗೆ ಬೂಟ್ ಫೋಲ್ಡರ್, ಅದರಲ್ಲಿ ಬೂಟ್‌ಎಂಜಿಎಫ್‌ಡಬ್ಲ್ಯೂ ಎಂಬ ಇಎಫ್‌ಐ ಫೈಲ್.

ಯುಇಎಫ್‌ಐ ನಿಯಮದ ಪ್ರಕಾರ ಇನ್ನೊಂದು ವಿಳಾಸವೂ ಇದೆ, ಬೂಟ್ ಫೋಲ್ಡರ್‌ನಲ್ಲಿರುವ ಬೂಟ್‌ಎಕ್ಸ್64. ಪೆನ್‌ಡ್ರೈವ್ ಎದ್ದೇಳುವುದು ಅದರಿಂದಲೇ. ಈ ಫರ್ಮ್‌ವೇರ್ ಆ ಫೈಲ್ ಅನ್ನು ಪೆನ್‌ಡ್ರೈವ್‌ನಲ್ಲಿ ಮಾತ್ರ ಹುಡುಕುತ್ತದೆ, ಒಳಗಿನ ಡಿಸ್ಕ್‌ನಲ್ಲಿ ಕಣ್ಣೆತ್ತಿಯೂ ನೋಡುವುದಿಲ್ಲ. ನಿಮ್ಮ ಮಷೀನ್ ಒಳಗಿನ ಡಿಸ್ಕ್‌ನಲ್ಲೂ ಹುಡುಕುವಂಥದ್ದಾದರೆ ನೀವು ಅದೃಷ್ಟವಂತರು. ಡೆಬಿಯನ್ ಇನ್‌ಸ್ಟಾಲರ್‌ನ ರೆಸ್ಕ್ಯೂ ಮೋಡ್‌ನಲ್ಲಿ ಗ್ರಬ್ ಅನ್ನು ಆ ಜಾಗಕ್ಕೆ ಹಾಕಿಸುವ ಆಯ್ಕೆಯೇ ಇದೆ, ಒಂದು ಎಂಟರ್‌ನಲ್ಲಿ ಕೆಲಸ ಮುಗಿಯುತ್ತದೆ. ನನಗೆ ಆ ಭಾಗ್ಯ ಇರಲಿಲ್ಲ.

ಮಿಂಟ್ ಪೆನ್‌ಡ್ರೈವ್‌ನಲ್ಲೇ ಬರುವ ಬೂಟ್ ರಿಪೇರ್ ಕೂಡ ಓಡಿಸಿದೆ. ಅದಕ್ಕೆ ಇಂಟರ್ನೆಟ್ ಬೇಕು, ಫೋನ್‌ನಿಂದ ಯುಎಸ್‌ಬಿ ಟೆದರಿಂಗ್ ಮಾಡಿದರೂ ನಡೆಯುತ್ತದೆ. ರಿಪೇರಿ ಆಯಿತು ಎಂದು ಖುಷಿಯಾಗಿ ಹೇಳಿತು. ಅದರ ಲೆಕ್ಕದಲ್ಲಿ ಆಗಿತ್ತು ಕೂಡ. ಡಿಸ್ಕ್‌ನಲ್ಲಿ ಎಲ್ಲ ಸರಿ ಇದೆ, ಮರೆವಿನ ರೋಗ ಇರುವುದು ಮದರ್‌ಬೋರ್ಡ್‌ಗೆ. ಅದನ್ನು ಯಾವ ಸಾಫ್ಟ್‌ವೇರ್ ರಿಪೇರಿ ಮಾಡಬೇಕು?

ಮಧ್ಯೆ ಒಂದು ಮಾತು. ಬೂಟ್ ಆಗುತ್ತಿಲ್ಲ ಎಂದರೆ ಎಲ್ಲರ ತೊಂದರೆಯೂ ಒಂದೇ ಅಲ್ಲ. ಡಿವೈಸ್ ಇಲ್ಲ ಎಂದರೆ ಬೂಟ್‌ಲೋಡರ್ ಸಿಕ್ಕಿಲ್ಲ. ಗ್ರಬ್ ಮೆನು ಬಂದು ಆಮೇಲೆ ಪರದೆ ಕಪ್ಪಾದರೆ ಅದು ಸಾಮಾನ್ಯವಾಗಿ ಗ್ರಾಫಿಕ್ಸ್ ಗಲಾಟೆ. ನನ್ನ ತಂಗಿಯ ಹಳೇ ಎನ್‌ವಿಡಿಯಾ ಕಾರ್ಡ್ ಇರುವ ಲ್ಯಾಪ್‌ಟಾಪ್‌ನಲ್ಲಿ ಹೀಗೇ ಆಗಿತ್ತು, ಮಿಂಟ್ ಮೆನುವಿನ ಕಂಪ್ಯಾಟಿಬಿಲಿಟಿ ಮೋಡ್ ಆರಿಸಿದ ತಕ್ಷಣ ಎದ್ದಿತು. ಗ್ರಬ್ ಸಾಲಿಗೆ ನೋಮೋಡ್‌ಸೆಟ್ ಎಂದು ಸೇರಿಸಿದರೂ ಆಗುತ್ತದೆ, ಇನ್‌ಸ್ಟಾಲ್ ಆದ ಮೇಲೆ ಸರಿಯಾದ ಡ್ರೈವರ್ ಹಾಕಿಕೊಳ್ಳಿ. ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣದಿದ್ದರೆ ಸೆಟಪ್‌ನಲ್ಲಿ (ಆನ್ ಆಗುವಾಗ ಕೀ ಒತ್ತಿ ತೆರೆಯುವ ಸೆಟ್ಟಿಂಗ್ಸ್) ಸಾಟಾ ಮೋಡ್ ರೇಡ್ ಎಂದಿದೆಯಾ ನೋಡಿ, ಎಎಚ್‌ಸಿಐಗೆ ಬದಲಿಸಿ. ಇವಕ್ಕೂ ಕೆಳಗೆ ಹೇಳುವುದಕ್ಕೂ ಸಂಬಂಧ ಇಲ್ಲ.

ಎರಡನೇ ದಾರಿ ವೇಷ ಹಾಕುವುದು. ಫರ್ಮ್‌ವೇರ್‌ಗೆ ವಿಂಡೋಸ್ ವಿಳಾಸ ಮಾತ್ರ ಗೊತ್ತು ಅಂದರೆ ಲಿನಕ್ಸನ್ನೇ ಆ ವಿಳಾಸಕ್ಕೆ ಕಳಿಸಿದರಾಯಿತು. ಇಎಫ್‌ಐ ಪಾರ್ಟಿಶನ್‌ನಲ್ಲಿ ಮೈಕ್ರೋಸಾಫ್ಟ್ ಎಂಬ ಫೋಲ್ಡರ್ ಮಾಡಿ, ಅದರಲ್ಲಿ ಬೂಟ್ ಎಂಬುದನ್ನು ಮಾಡಿ, ಉಬುಂಟು ಫೋಲ್ಡರ್‌ನಿಂದ ಶಿಮ್ ಫೈಲನ್ನು (ಗ್ರಬ್‌ಗಿಂತ ಮೊದಲು ಓಡಿ ಅದನ್ನು ಕರೆಯುವ ಪುಟ್ಟ ಪ್ರೋಗ್ರಾಂ) ತಂದು ಬೂಟ್‌ಎಂಜಿಎಫ್‌ಡಬ್ಲ್ಯೂ ಎಂದು ಹೆಸರು ಬದಲಿಸಿ ಇಟ್ಟೆ. ಪಕ್ಕದಲ್ಲಿ ಗ್ರಬ್ ಫೈಲನ್ನು ಅದರ ಹೆಸರಲ್ಲೇ ಇಟ್ಟೆ. ಆ ಪಾರ್ಟಿಶನ್ ಫ್ಯಾಟ್ ಫೈಲ್‌ಸಿಸ್ಟಂ ಆದ್ದರಿಂದ ದೊಡ್ಡಕ್ಷರ ಸಣ್ಣಕ್ಷರದ ಚಿಂತೆ ಇಲ್ಲ. ರೀಸ್ಟಾರ್ಟ್ ಮಾಡಿದರೆ ಮಿಂಟ್ ಎದ್ದು ನಿಂತಿತು! ಬೂಟ್ ಮೆನುವಿನಲ್ಲಿ ಮಾತ್ರ ವಿಂಡೋಸ್ ಬೂಟ್ ಮ್ಯಾನೇಜರ್ ಎಂದೇ ತೋರಿಸುತ್ತದೆ. ಡಿಸ್ಕ್‌ನಲ್ಲಿ ವಿಂಡೋಸ್‌ನ ಒಂದು ಫೈಲೂ ಇಲ್ಲ, ನೋಡಿ ನಗು ಬಂತು.

ಇಲ್ಲಿಗೇ ನಿಲ್ಲಿಸಬಹುದಿತ್ತು. ಒಂದೇ ಒಂದು ವಿಷಯ ಕೊರೆಯುತ್ತಿತ್ತು. ಗ್ರಬ್‌ಗೋ ಶಿಮ್‌ಗೋ ಅಪ್‌ಡೇಟ್ ಬಂದಾಗ ಮಿಂಟ್ ತನ್ನ ಉಬುಂಟು ಫೋಲ್ಡರ್ ಅನ್ನು ಹೊಸದು ಮಾಡುತ್ತದೆ. ನಾನು ಕೈಯಾರೆ ಇಟ್ಟ ಪ್ರತಿ ಅದಕ್ಕೆ ಗೊತ್ತೇ ಇಲ್ಲ, ಅದು ಹಳೆಯದಾಗಿಯೇ ಉಳಿಯುತ್ತದೆ. ಸೆಕ್ಯೂರ್ ಬೂಟ್ (ನಂಬಿಕಸ್ಥ ಸಹಿ ಇರುವ ಬೂಟ್ ಫೈಲ್‌ಗಳನ್ನು ಮಾತ್ರ ಬಿಡುವ ಕಾವಲು) ಆಫ್ ಇದ್ದರೆ ಬಹಳ ಕಾಲ ನಡೆಯುತ್ತದೆ. ಆನ್ ಇದ್ದರೆ ಹಳೇ ಶಿಮ್ ಒಂದು ದಿನ ಬ್ಯಾನ್ ಆಗಬಹುದು. 2024ರ ಆಗಸ್ಟ್‌ನಲ್ಲಿ ಒಂದು ವಿಂಡೋಸ್ ಅಪ್‌ಡೇಟ್ ಬಂದ ಮೇಲೆ ವಿಂಡೋಸ್ ಜೊತೆ ಲಿನಕ್ಸ್ ಇಟ್ಟುಕೊಂಡಿದ್ದ ಎಷ್ಟೋ ಜನರ ಲಿನಕ್ಸ್ ಬೂಟ್ ಆಗದೆ ಹೋಗಿದ್ದು ಇದೇ ಕಾರಣಕ್ಕೆ. ಪ್ರತಿ ಅಪ್‌ಡೇಟ್ ಆದಾಗ ತಾನೇ ಕಾಪಿ ಮಾಡುವ ಸ್ಕ್ರಿಪ್ಟ್ ಬರೆಯಬಹುದು. ನನ್ನ ಸ್ವಂತ ಮಷೀನ್ ಆಗಿದ್ದರೆ ಬರೆಯುತ್ತಿದ್ದೆ. ಅಪ್ಪ ಇರುವುದು ರಾಜಾಜಿನಗರದಲ್ಲಿ, ನಾನು ವೈಟ್‌ಫೀಲ್ಡ್‌ನಲ್ಲಿ. ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಬದಲಿಸಿ ಹೋಗಬೇಕು. "ಏನೋ ಇಂಗ್ಲಿಷ್‌ನಲ್ಲಿ ಬರ್ತಿದೆ, ಓದ್ಲಾ?" ಎಂದು ಅಪ್ಪ ಫೋನ್ ಮಾಡಿದರೆ ಇಎಫ್‌ಐ ಪಾರ್ಟಿಶನ್ ಬಗ್ಗೆ ಫೋನಲ್ಲೇ ಪಾಠ ಮಾಡುವ ತಾಳ್ಮೆ ನನಗಿಲ್ಲ.

ಮೂರನೇ ದಾರಿ ಲೆಗಸಿ. ಸೆಟಪ್‌ಗೆ ಹೋಗಿ ಸೆಕ್ಯೂರ್ ಬೂಟ್ ಆಫ್, ಲೆಗಸಿ ಆನ್. ಇಲ್ಲಿ ಪೆನ್‌ಡ್ರೈವ್ ಸರಿಯಾಗಿ ಸಿದ್ಧ ಮಾಡಬೇಕು. ಪೆನ್‌ಡ್ರೈವ್ ಸಿದ್ಧ ಮಾಡುವ ರೂಫಸ್‌ನಲ್ಲಿ ಪಾರ್ಟಿಶನ್ ಟೇಬಲ್‌ಗೆ ಜಿಪಿಟಿ ಆರಿಸಿದರೆ ಅದು ಯುಇಎಫ್‌ಐಗೆ ಮಾತ್ರ, ಎಂಬಿಆರ್ ಆರಿಸಬೇಕು. ವೆಂಟಾಯ್ ಆದರೆ ಎರಡರಲ್ಲೂ ಏಳುತ್ತದೆ, ನಾನು ಅದನ್ನೇ ಬಳಸುವುದು. ಬೂಟ್ ಮೆನುವಿನಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಾಣಿಸುತ್ತದೆ. ಒಂದರ ಮುಂದೆ ಯುಇಎಫ್‌ಐ ಎಂದಿರುತ್ತದೆ, ಇನ್ನೊಂದರ ಮುಂದೆ ಇರುವುದಿಲ್ಲ. ಇಲ್ಲದಿರುವುದನ್ನು ಆರಿಸಿ. ಪೆನ್‌ಡ್ರೈವ್ ಯಾವ ಮೋಡ್‌ನಲ್ಲಿ ಎದ್ದಿತೋ ಇನ್‌ಸ್ಟಾಲ್ ಆಗುವುದೂ ಅದೇ ಮೋಡ್‌ನಲ್ಲಿ, ಎಷ್ಟೋ ಜನರ ಎಲ್ಲ ಕಷ್ಟದ ಮೂಲ ಈ ಒಂದು ಸಾಲು. ಅನುಮಾನ ಇದ್ದರೆ ಟರ್ಮಿನಲ್‌ನಲ್ಲಿ ಸಿಸ್ ಒಳಗಿನ ಫರ್ಮ್‌ವೇರ್ ಫೋಲ್ಡರ್ ನೋಡಿ. ಅಲ್ಲಿ ಇಎಫ್‌ಐ ಎಂಬ ಫೋಲ್ಡರ್ ಇಲ್ಲದಿದ್ದರೆ ನೀವು ಲೆಗಸಿಯಲ್ಲಿದ್ದೀರಿ.

ಆಮೇಲೆ ಜಿಪಾರ್ಟೆಡ್ ತೆರೆದು ಡಿಸ್ಕ್‌ಗೆ ಹೊಸ ಪಾರ್ಟಿಶನ್ ಟೇಬಲ್, ಎಂಎಸ್‌ಡಾಸ್ (ಅಂದರೆ ಎಂಬಿಆರ್) ಬಗೆಯದು. ಇದರಿಂದ ಡಿಸ್ಕ್‌ನಲ್ಲಿರುವುದೆಲ್ಲ ಹೋಗುತ್ತದೆ, ಬೇಕಾದ್ದನ್ನು ಮೊದಲೇ ಎತ್ತಿಟ್ಟುಕೊಳ್ಳಿ. ಹಳೇ ಜಿಪಿಟಿಯನ್ನೇ ಬಿಟ್ಟರೆ ಗ್ರಬ್‌ಗಾಗಿ ಒಂದು ಎಂಬಿಯ ಪ್ರತ್ಯೇಕ ಪಾರ್ಟಿಶನ್ ಬೇಕಾಗುತ್ತದೆ, ಯಾಕೆ ಬೇಕು ಆ ರಗಳೆ? ಬೂಟ್‌ಲೋಡರ್ ಎಲ್ಲಿಗೆ ಎಂದು ಇನ್‌ಸ್ಟಾಲರ್ ಕೇಳಿದಾಗ ಎಸ್‌ಡಿಎ ಎಂದು ಇಡೀ ಡಿಸ್ಕನ್ನೇ ಕೊಡಿ, ಎಸ್‌ಡಿಎ1 ಅಲ್ಲ. ಇಷ್ಟೆಲ್ಲ ಆಗಿಯೂ ಕರ್ಸರ್ ಮಾತ್ರ ಮಿಣುಕುತ್ತಾ ನಿಂತರೆ ಜಿಪಾರ್ಟೆಡ್‌ನಲ್ಲಿ ಲಿನಕ್ಸ್ ಪಾರ್ಟಿಶನ್‌ಗೆ ಬೂಟ್ ಫ್ಲ್ಯಾಗ್ ಹಾಕಿ. ಕೆಲವು ಹಳೇ ಬಯಾಸ್‌ಗಳು ಆ ಗುರುತು ಕಾಣದಿದ್ದರೆ ಡಿಸ್ಕ್ ಕಡೆ ಹೋಗುವುದೇ ಇಲ್ಲ.

ರೀಸ್ಟಾರ್ಟ್ ಮಾಡಿದೆ, ಎದ್ದಿತು, ಅವತ್ತಿನಿಂದ ಏಳುತ್ತಲೇ ಇದೆ. ಕಾರಣ ಸರಳ. ಲೆಗಸಿ ಬಯಾಸ್ ಯಾರ ಹೆಸರನ್ನೂ ಕೇಳುವುದಿಲ್ಲ. ಡಿಸ್ಕ್‌ನ ಮೊದಲ 512 ಬೈಟ್ ಓದುತ್ತದೆ, ಅಲ್ಲಿರುವ ಕೋಡ್‌ಗೆ ಕೆಲಸ ಒಪ್ಪಿಸಿ ಸುಮ್ಮನಾಗುತ್ತದೆ. ಗ್ರಬ್ ಅಪ್‌ಡೇಟ್ ಆದರೆ ಅದೇ ಜಾಗದಲ್ಲಿ ತನ್ನನ್ನು ತಾನೇ ಬರೆದುಕೊಳ್ಳುತ್ತದೆ. ನಕಲು ಪ್ರತಿಯೂ ಇಲ್ಲ, ಸ್ಕ್ರಿಪ್ಟೂ ಇಲ್ಲ.

ವೇಗ? ಮೂರರಲ್ಲೂ ನನಗೆ ವ್ಯತ್ಯಾಸ ಕಾಣಲಿಲ್ಲ. ಭದ್ರತೆ? ಲೆಗಸಿಯಲ್ಲಿ ಸೆಕ್ಯೂರ್ ಬೂಟ್ ಇಲ್ಲ, ಅಷ್ಟು ಮಟ್ಟಿಗೆ ಕಮ್ಮಿಯೇ. ಮನೆಯಲ್ಲೇ ಇರುವ ಲ್ಯಾಪ್‌ಟಾಪ್‌ಗೆ ನನಗದು ಪರವಾಗಿಲ್ಲ ಅನಿಸಿತು. ಕನ್ನಡ ಟೈಪಿಂಗ್‌ಗೂ ಇದಕ್ಕೂ ಸಂಬಂಧ ಇಲ್ಲ, ಐಬಸ್ ಜೊತೆ ಎಂ17ಎನ್ ಹಾಕಿದರೆ ನುಡಿ ಶೈಲಿಯ ಕೆಜಿಪಿ ಕೀಲಿಮಣೆ ಸಿಗುತ್ತದೆ, ಅಪ್ಪನಿಗೆ ಅದೇ ರೂಢಿ.

ವಿಂಡೋಸ್ ಜೊತೆಗೇ ಲಿನಕ್ಸ್ ಬೇಕು ಎನ್ನುವವರು ನನ್ನ ಮಾತು ಕೇಳಬೇಡಿ. ವಿಂಡೋಸ್ ಯುಇಎಫ್‌ಐನಲ್ಲಿದ್ದರೆ ಲಿನಕ್ಸೂ ಅಲ್ಲೇ ಇರಲಿ. ವೇಷದ ದಾರಿಯೇ ಹಿಡಿಯುವುದಾದರೆ ವಿಂಡೋಸ್‌ನ ಅಸಲಿ ಫೈಲನ್ನು ಬೇರೆ ಹೆಸರಲ್ಲಿ ಜೋಪಾನ ಮಾಡಿ. ಬೂಟ್ ರಿಪೇರ್‌ನ ಅಡ್ವಾನ್ಸ್ಡ್ ಭಾಗದಲ್ಲಿ ಅದನ್ನೆಲ್ಲ ತಾನೇ ಮಾಡುವ ಒಂದು ಟಿಕ್ ಕೂಡ ಇದೆ. ಹೊಸ ಲ್ಯಾಪ್‌ಟಾಪ್ ಇರುವವರಿಗೂ ಲೆಗಸಿ ಸಿಗುವುದು ಕಷ್ಟ. ಇಂಟೆಲ್ 2017ರಲ್ಲೇ 2020ರ ಹೊತ್ತಿಗೆ ಅದನ್ನು ಬಿಡುತ್ತೇವೆ ಎಂದು ಹೇಳಿತ್ತು.

ಲೆಗಸಿಗೆ ಒಂದು ಕಿರಿಕಿರಿ ಇದೆ, ಮುಚ್ಚಿಡುವುದಿಲ್ಲ. ಮದರ್‌ಬೋರ್ಡ್‌ನ ಸಣ್ಣ ಸೆಲ್ ಸತ್ತರೆ ಸೆಟಪ್ ಡಿಫಾಲ್ಟ್‌ಗೆ ಹೋಗಬಹುದು. ಡಿಫಾಲ್ಟ್ ಅಂದರೆ ಯುಇಎಫ್‌ಐ. ಆಗ ಲಿನಕ್ಸ್ ಇದ್ದರೂ ಕಾಣುವುದಿಲ್ಲ, ಮತ್ತೆ ಅದೇ ಬಿಳಿ ಸಾಲು. ಗಡಿಯಾರ ಹತ್ತು ವರ್ಷ ಹಿಂದಕ್ಕೆ ಹೋಗಿ ಬ್ರೌಸರ್‌ನಲ್ಲಿ ಸೈಟ್‌ಗಳೆಲ್ಲ ಸರ್ಟಿಫಿಕೇಟ್ ತಪ್ಪು ಎನ್ನಲು ಶುರು ಮಾಡಿದರೆ ಸೆಲ್ ಹೋಗಿದೆ ಎಂದೇ ಲೆಕ್ಕ. ಬರಿಯ ಸಿಆರ್2032 ಆದರೆ ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಅಪ್ಪನ ಮಷೀನ್‌ನಲ್ಲಿರುವುದು ಎರಡು ವೈರ್, ಪುಟ್ಟ ಪ್ಲಗ್ ಇರುವಂಥದ್ದು, ಅದಕ್ಕೆ ಎಸ್‌ಪಿ ರೋಡೇ ಗತಿ. ಮುಂದಿನ ಸಲ ಆ ಕಡೆ ಹೋದಾಗ ಒಂದು ತಂದಿಡಬೇಕು. ಅಲ್ಲಿಯವರೆಗೆ ಎಫ್10 ಒತ್ತಿ ಲೆಗಸಿ ಆನ್ ಮಾಡುವುದು ಹೇಗೆಂದು ಕನ್ನಡದಲ್ಲಿ ಒಂದು ಚೀಟಿ ಬರೆದು ಲ್ಯಾಪ್‌ಟಾಪ್ ಅಡಿಗೆ ಅಂಟಿಸಿದ್ದೇನೆ.