ಸುಮ್ನಿರಲಾರದೆ ಅಪ್‌ಡೇಟ್ ಒತ್ತಿದೆ: ನಾಲ್ಕು ಸ್ಪೀಕರ್, ಮೂರು ದಿನದ ಒದ್ದಾಟ

ಸದ್ದಿನ ಬಗ್ಗೆ ನನ್ನದೇನೂ ತಕರಾರಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹಾಲ್‌ನಲ್ಲಿ ಎಡಕ್ಕೊಂದು ಬಲಕ್ಕೊಂದು ಜೋಡಿ, ಅಡುಗೆಮನೆಯಲ್ಲೊಂದು, ಮಲಗುವ ಕೋಣೆಯಲ್ಲಿ ಚಿಕ್ಕದೊಂದು. ಎಲ್ಲ ವೈಫೈ ಸ್ಪೀಕರ್‌ಗಳೇ. ಎರಡು ವರ್ಷ ಒಂದು ದಿನವೂ ಕೈಕೊಟ್ಟಿರಲಿಲ್ಲ. ಒಂದು ರಾತ್ರಿ ಆ್ಯಪ್ ತೆರೆದಾಗ ಹೊಸ ಸಾಫ್ಟ್‌ವೇರ್ ಬಂದಿದೆ ಅಂತ ಬಟನ್ ಕಾಣಿಸಿತು. ಸುಮ್ನಿರಲಾರದೆ ಇರುವೆ ಬಿಟ್ಕೊಂಡರು ಅಂತಾರಲ್ಲ, ಹಾಗೆ ಒತ್ತಿದೆ.

ಮೂರು ಸ್ಪೀಕರ್ ಹತ್ತು ನಿಮಿಷದಲ್ಲಿ ಹೊಸ ವರ್ಷನ್‌ಗೆ ಹೋದವು. ಅಡುಗೆಮನೆಯದ್ದು ಮಾತ್ರ ಮೂವತ್ತು ಪರ್ಸೆಂಟ್ ತನಕ ಹೋಗಿ, ಕಿತ್ತಳೆ ಬಣ್ಣದ ಲೈಟ್ ಮಿಣುಕಿಸುತ್ತಾ ಕೂತಿತು. ಸ್ವಲ್ಪ ಹೊತ್ತಾದ ಮೇಲೆ 'ಏನೋ ತಪ್ಪಾಗಿದೆ, ಮತ್ತೆ ಪ್ರಯತ್ನಿಸಿ' ಅಂತ ಬಂತು. ಏನು ತಪ್ಪಾಗಿದೆ ಅಂತ ಹೇಳಲ್ಲ, ಒಂದು ಎರರ್ ನಂಬರ್ ಕೂಡ ಇಲ್ಲ. ಈಗ ಮೂರು ಹೊಸ ವರ್ಷನ್, ಒಂದು ಹಳೆಯದು. ವರ್ಷನ್ ಬೇರೆಯಾದರೆ ಈ ಸೆಟ್‌ನಲ್ಲಿ ಗ್ರೂಪ್ ಮಾಡೋಕೆ ಆಗಲ್ಲ. ಮನೆಯೆಲ್ಲ ಒಂದೇ ಹಾಡು ಕೇಳೋದಕ್ಕೆ ಅಂತಲೇ ತಗೊಂಡಿದ್ದು, ಅದೇ ಹೋಯಿತು. ಮಗಳು ಕೇಳಿದಳು: 'ಅಪ್ಪಾ, ನಿನ್ನೆವರೆಗೂ ಚೆನ್ನಾಗೇ ಇತ್ತಲ್ವಾ, ಯಾಕೆ ಮುಟ್ಟೋಕೆ ಹೋದೆ?' ಉತ್ತರ ಇರಲಿಲ್ಲ.

ಇಲ್ಲಿ ಒಂದು ಮಾತು. ಲೈಟ್ ಮಿಣುಕುತ್ತಿರುವಾಗ ಪ್ಲಗ್ ಕೀಳಬೇಡಿ. ನನಗೂ ಕೈ ಹೋಗಿತ್ತು. ಡೌನ್‌ಲೋಡ್ ಅರ್ಧಕ್ಕೆ ನಿಂತರೆ ಸಾಮಾನ್ಯವಾಗಿ ಹಳೆಯ ಸಾಫ್ಟ್‌ವೇರ್ ಹಾಗೇ ಇರುತ್ತದೆ, ಏನೂ ಕೆಡಲ್ಲ. ಆದರೆ ಡೌನ್‌ಲೋಡ್ ಮುಗಿದು ಒಳಗಿನ ಮೆಮೊರಿಗೆ ಬರೆಯುತ್ತಿರುವಾಗ ಕರೆಂಟ್ ತೆಗೆದರೆ ಸ್ಪೀಕರ್ ಇಟ್ಟಿಗೆಯಾಗುವ, ಅಂದರೆ ಮತ್ತೆ ಆನ್ ಆಗದೇ ಹೋಗುವ, ಅಪಾಯ ಇದೆ. ಯಾವ ಹಂತದಲ್ಲಿದೆ ಅಂತ ಹೊರಗಿನಿಂದ ನೋಡಿ ಗೊತ್ತಾಗಲ್ಲ. ಅರ್ಧ ಗಂಟೆ ಕಾಯೋದೇ ವಾಸಿ.

ಹೆಲ್ಪ್‌ಲೈನ್‌ಗೆ ಫೋನ್ ಮಾಡಿದೆ. ಆ ಕಡೆ ಮಾತಾಡಿದವರು ತುಂಬಾ ಮರ್ಯಾದೆಯಿಂದಲೇ ಮಾತಾಡಿದರು, ಆದರೆ ನಾನು ಪೂರ್ತಿ ಹೇಳಿ ಮುಗಿಸುವ ಮೊದಲೇ 'ಸರ್, ನಾಲ್ಕನ್ನೂ ಫ್ಯಾಕ್ಟರಿ ರೀಸೆಟ್ ಮಾಡಿ' ಅಂದುಬಿಟ್ಟರು. ಯೋಚನೆ ಮಾಡಿ, ಚೆನ್ನಾಗಿರುವ ಮೂರನ್ನೂ ಯಾಕೆ ಒರೆಸಬೇಕು? ರೂಮಿನ ಹೆಸರು, ಜೋಡಿ, ಈಕ್ವಲೈಜರ್, ಅಲಾರಂ ಎಲ್ಲ ಹೋಗುತ್ತದೆ. ಅಷ್ಟೇ ಅಲ್ಲ, ಯಾಕೆ ನಿಂತಿತು ಅಂತ ತಿಳಿಸುವ ಲಾಗ್ ಕೂಡ ಅದರ ಜೊತೆಗೇ ಅಳಿಸಿಹೋಗುತ್ತದೆ. ಇದನ್ನು ಹೇಳಿದ್ದು ಮರುದಿನ ಸಿಕ್ಕಿದ ಇನ್ನೊಬ್ಬರು. ಅವರು ಮೊದಲು ಆ್ಯಪ್‌ನಿಂದ ಡಯಾಗ್ನಾಸ್ಟಿಕ್, ಅಂದರೆ ಸ್ಪೀಕರ್‌ಗಳ ಸ್ಥಿತಿಯ ವರದಿ, ಕಳಿಸಿ ಅಂದರು, ನೋಡಿ 'ಅಡುಗೆಮನೆ ಸ್ಪೀಕರ್‌ಗೆ ಸಿಗ್ನಲ್ ಬಹಳ ವೀಕ್ ಇದೆ' ಅಂದರು. ಎರಡು ನಿಮಿಷದ ಕೆಲಸ.

ಮೊದಲು ನಂಬಲಿಲ್ಲ. ಅಲ್ಲಿ ಹಾಡು ಬರುತ್ತಿತ್ತಲ್ಲ? ಆಮೇಲೆ ಹೊಳೆಯಿತು. ಹಾಡಿಗೆ ಬೇಕಾದ ಡೇಟಾ ಕಮ್ಮಿ, ಒಂದಿಷ್ಟು ಮುಂಚೆಯೇ ತಂದು ಬಫರ್‌ನಲ್ಲಿ ಇಟ್ಟುಕೊಂಡಿರುತ್ತದೆ, ನಡುನಡುವೆ ಸಿಗ್ನಲ್ ತಪ್ಪಿದರೂ ನಮಗೆ ಕೇಳಿಸಲ್ಲ. ಸಾಫ್ಟ್‌ವೇರ್ ಫೈಲ್ ಹಾಗಲ್ಲ, ಒಂದು ಬಿಟ್ ಆಚೀಚೆ ಆದರೂ ಸ್ಪೀಕರ್ ಅದನ್ನು ಒಪ್ಪಲ್ಲ, ಪೂರ್ತಿ ಸರಿಯಾಗಿ ಬರಬೇಕು. ನಮ್ಮ ಅಡುಗೆಮನೆ ಸ್ಪೀಕರ್ ಕೂತಿರೋದು ಮೈಕ್ರೋವೇವ್ ಪಕ್ಕದಲ್ಲಿ. ಮೈಕ್ರೋವೇವ್ ಓವನ್ ಕೆಲಸ ಮಾಡೋದು 2.45 ಗಿಗಾಹರ್ಟ್ಸ್ ಆಸುಪಾಸಿನಲ್ಲಿ, ಸ್ಪೀಕರ್ ಹಿಡಿದಿರೋದು 2.4 ಗಿಗಾಹರ್ಟ್ಸ್ ವೈಫೈ, ಓವನ್ ಓಡುವಾಗ ಸಿಗ್ನಲ್‌ಗೆ ಅಡ್ಡಿ. ಸಾಲದ್ದಕ್ಕೆ ರೂಟರ್ ತನ್ನ ಪಾಡಿಗೆ ತಾನು 3ನೇ ಚಾನೆಲ್ (ವೈಫೈ ಓಡಾಡುವ ಸಾಲುಗಳಲ್ಲಿ ಒಂದು) ಆರಿಸಿಕೊಂಡಿತ್ತು. ಈ ಬ್ಯಾಂಡ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಮಾತ್ರ. ನಡುವಿನದ್ದು ಹಿಡಿದರೆ ಎರಡೂ ಕಡೆಯ ಅಕ್ಕಪಕ್ಕದ ಮನೆಯವರ ಗದ್ದಲ ನಮ್ಮ ತಲೆ ಮೇಲೆ.

ಚಾನೆಲ್ 11ಕ್ಕೆ ಹಾಕಿದೆ. ಸ್ಪೀಕರ್ ಎತ್ತಿಕೊಂಡು ರೂಟರ್ ಪಕ್ಕಕ್ಕೆ ತಂದು ಲ್ಯಾನ್ ಕೇಬಲ್ ಚುಚ್ಚಿದೆ. ನಾಲ್ಕು ನಿಮಿಷ. ಅಷ್ಟೇ. ಒಂದೂವರೆ ದಿನ ನಾನು ಅದೇ ಬಟನ್ ಒತ್ತುತ್ತಾ ಕೂತಿದ್ದೆ!

ಮುಗಿಯಿತು ಅಂದುಕೊಂಡರೆ ಇಲ್ಲ. ಎಲ್ಲ ಹೊಸ ವರ್ಷನ್‌ಗೆ ಬಂದ ಮೇಲೆ ಆ್ಯಪ್‌ಗೆ ಒಂದು ಸ್ಪೀಕರೂ ಕಾಣುತ್ತಿಲ್ಲ. ಆದರೆ ಹಾಲ್‌ನಲ್ಲಿ ಹಾಕಿಬಿಟ್ಟಿದ್ದ ರೇಡಿಯೋ ತಣ್ಣಗೆ ನಡೀತಾ ಇದೆ. ಅಲ್ಲೇ ಸುಳಿವು ಸಿಕ್ಕಿತು. ಇವು ಬ್ಲೂಟೂತ್ ಸ್ಪೀಕರ್ ಥರ ಅಲ್ಲ, ಹಾಡನ್ನು ಇಂಟರ್ನೆಟ್‌ನಿಂದ ತಾವೇ ಎಳೆದುಕೊಳ್ಳುತ್ತವೆ, ಫೋನ್ ಬರೀ ರಿಮೋಟ್. ಹಾಡು ಬರುತ್ತಿದೆ ಅಂದರೆ ಸ್ಪೀಕರ್ ಸರಿ ಇದೆ, ಇಂಟರ್ನೆಟ್ ಸರಿ ಇದೆ, ಫೋನಿಗೂ ಸ್ಪೀಕರ್‌ಗೂ ನಡುವಿನ ದಾರಿ ಮಾತ್ರ ಮುಚ್ಚಿದೆ. ನನ್ನ ಫೋನಿನಲ್ಲಿ ಆಫೀಸಿನ ವಿಪಿಎನ್ (ಫೋನಿನ ಡೇಟಾವನ್ನು ಆಫೀಸಿನ ನೆಟ್‌ವರ್ಕ್ ಮೂಲಕ ತಿರುಗಿಸುವ ವ್ಯವಸ್ಥೆ) ಆನ್ ಇತ್ತು, ತೆಗೆದೆ, ಕಂಡವು. ಹೆಂಡತಿಯ ಐಫೋನ್‌ನಲ್ಲಿ ಬೇರೆ ಕಥೆ. ಐಒಎಸ್ 14ರಿಂದ, ಅಂದರೆ 2020ರಿಂದ, ಮನೆಯ ನೆಟ್‌ವರ್ಕ್‌ನಲ್ಲಿ ಬೇರೆ ಸಾಧನ ಹುಡುಕಲು ಆ್ಯಪ್‌ಗಳು ಅನುಮತಿ ಕೇಳಬೇಕು. ಹೊಸ ಆ್ಯಪ್ ಕೇಳಿದಾಗ ಅವಳು 'ಬೇಡ' ಅಂದಿದ್ದಳು. ಅವಳದ್ದು ತಪ್ಪಲ್ಲ ಬಿಡಿ, ಯಾಕೆ ಬೇಕು ಅಂತ ಆ್ಯಪ್ ಒಂದು ಸಾಲಿನಲ್ಲಿ ಹೇಳಬಹುದಿತ್ತಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ಲೋಕಲ್ ನೆಟ್‌ವರ್ಕ್ ಆನ್ ಮಾಡಿದ ಕೂಡಲೇ ನಾಲ್ಕೂ ಬಂದವು. ಫೋನ್ ಗೆಸ್ಟ್ ವೈಫೈನಲ್ಲಿ, ಅಂದರೆ ಮನೆಗೆ ಬಂದವರಿಗೆ ಅಂತ ಬೇರೆ ಇಡುವ ವೈಫೈನಲ್ಲಿ, ಇದ್ದರೂ ಇದೇ ಗತಿ, ಅದನ್ನೂ ಒಮ್ಮೆ ನೋಡಿಕೊಳ್ಳಿ.

ಹಾಲ್‌ನ ಜೋಡಿಯಲ್ಲಿ ಎಡಗಡೆಯದು ಚೂರು ಹಿಂದೆ ಬೀಳುತ್ತಿತ್ತು, ಬಾವಿಯಲ್ಲಿ ಹಾಡಿದ ಹಾಗೆ. ಜೋಡಿ ಬಿಡಿಸಿ ಮತ್ತೆ ಸೇರಿಸಿದೆ, ಸರಿಹೋಯಿತು.

ಕೊನೆಯದು ನನಗೆ ಜಾಸ್ತಿ ನೋವು ಕೊಟ್ಟಿದ್ದು. ವರ್ಷಗಟ್ಟಲೆ ಸೇರಿಸಿದ ಹಾಡುಗಳು ರೂಟರ್‌ಗೆ ಹಾಕಿದ ಒಂದು ಹಳೆಯ ನೆಟ್‌ವರ್ಕ್ ಡಿಸ್ಕ್‌ನಲ್ಲಿವೆ. ಅಪ್‌ಡೇಟ್ ಆದಮೇಲೆ ಲೈಬ್ರರಿ ಖಾಲಿ. ಆ ಡಿಸ್ಕ್‌ಗೆ ಗೊತ್ತಿರೋದು ಫೈಲ್ ಹಂಚುವ ಹಳೆಯ ಪದ್ಧತಿ, ಎಸ್‌ಎಂಬಿ 1 ಮಾತ್ರ. ಹೊಸ ಸಾಫ್ಟ್‌ವೇರ್ ಅದನ್ನು ಕೈಬಿಟ್ಟಿದೆ. ಕೈಬಿಟ್ಟಿದ್ದು ಸರಿಯೇ. 2017ರಲ್ಲಿ ವಾನಾಕ್ರೈ ವೈರಸ್ ವಿಂಡೋಸ್ ಕಂಪ್ಯೂಟರ್‌ಗಳಲ್ಲಿ ಹರಡಿದ್ದು ಎಸ್‌ಎಂಬಿ 1ರ ಒಂದು ಬಿರುಕಿನಿಂದಲೇ. ಆದರೆ ಬಟನ್ ಒತ್ತುವ ಮುಂಚೆ 'ನಿಮ್ಮ ಹಳೆಯ ಡಿಸ್ಕ್ ಇನ್ನು ಕಾಣಲ್ಲ' ಅಂತ ಒಂದು ಮಾತು? ಇಲ್ಲ. ಹಿಂದಿನ ವರ್ಷನ್‌ಗೆ ವಾಪಸ್ ಹೋಗುವ ದಾರಿ? ಅದೂ ಇಲ್ಲ. ಹಾಡುಗಳನ್ನೆಲ್ಲ ಎಸ್‌ಎಂಬಿ 2 ಗೊತ್ತಿರುವ ಬೇರೆ ಡಿಸ್ಕ್‌ಗೆ ಸುರಿದೆ, ಒಂದಿಡೀ ರಾತ್ರಿ ಹಿಡಿಯಿತು.

ಈ ರೋಗ ಒಂದೇ ಕಂಪನಿಗೆ ಅಂಟಿದ್ದಲ್ಲ. ನನ್ನ ಸೆಟ್ ವೈಫೈ ಸ್ಪೀಕರ್‌ಗೆ ಹೆಸರಾದ ಸೋನೋಸ್ ಕಂಪನಿಯದ್ದಲ್ಲ, ಆದರೆ ಅವರ ಕಥೆ ಎಲ್ಲರಿಗೂ ಗೊತ್ತಿರುವುದೇ. 2024ರ ಮೇ ತಿಂಗಳಲ್ಲಿ ಆ್ಯಪ್ ಅನ್ನು ಬುಡದಿಂದ ಹೊಸದು ಮಾಡಿ ಬಿಟ್ಟರು. ಸ್ಲೀಪ್ ಟೈಮರ್, ಮುಂದೆ ಬರುವ ಹಾಡುಗಳ ಪಟ್ಟಿ (ಕ್ಯೂ) ತಿದ್ದೋದು ಇಂಥವೆಲ್ಲ ಮೊದಲಿಗೆ ಮಾಯವಾಗಿದ್ದವು. ಜನ ಸಿಟ್ಟಾದರು, 2025ರ ಜನವರಿಯಲ್ಲಿ ಸಿಇಒ ಪ್ಯಾಟ್ರಿಕ್ ಸ್ಪೆನ್ಸ್ ಕೆಳಗಿಳಿದರು. ಅಷ್ಟಾದ ಮೇಲೂ ಬೇರೆಯವರು ಅದರಿಂದ ಕಲಿತ ಹಾಗೆ ಕಾಣಲ್ಲ.

ನನ್ನ ಲೆಕ್ಕ ಇಷ್ಟು. ಸದ್ದಿಗೆ ಐದಕ್ಕೆ ಐದು. ಆ್ಯಪ್‌ಗೆ ಎರಡು, ಅದೂ ಡಯಾಗ್ನಾಸ್ಟಿಕ್ ಕಳಿಸುವ ಬಟನ್ ಇಟ್ಟಿದ್ದಾರೆ ಅನ್ನೋ ಕಾರಣಕ್ಕೆ. ಹೆಲ್ಪ್‌ಲೈನ್‌ಗೆ ಯಾರು ಸಿಗುತ್ತಾರೆ ಅನ್ನೋದರ ಮೇಲೆ ಒಂದು ಅಥವಾ ನಾಲ್ಕು. ವೀಕ್ ಸಿಗ್ನಲ್ ನಮ್ಮ ಮನೆಯದ್ದೇ, ವಿಪಿಎನ್ ನನ್ನದೇ, ಅದಕ್ಕೆಲ್ಲ ಕಂಪನಿಯನ್ನು ಬೈಯಲ್ಲ. ಆದರೆ ಸಿಗ್ನಲ್ ವೀಕ್ ಅಂತ ಸ್ಪೀಕರ್‌ಗೆ ಗೊತ್ತಿತ್ತು, ಲಾಗ್‌ನಲ್ಲಿ ಬರೆದುಕೊಂಡಿತ್ತು, ನನಗೆ ಮಾತ್ರ ಹೇಳಲಿಲ್ಲ.

ಕೊಳ್ಳುವ ಯೋಚನೆ ಇದ್ದರೆ ಸ್ಪೀಕರ್ ತಿರುಗಿಸಿ ಹಿಂದುಗಡೆ ಲ್ಯಾನ್ ಪೋರ್ಟ್ ಇದೆಯಾ ನೋಡಿ. ನಮ್ಮ ಮಲಗುವ ಕೋಣೆಯ ಚಿಕ್ಕದಕ್ಕೆ ಇಲ್ಲ. ಮುಂದಿನ ಅಪ್‌ಡೇಟ್‌ನಲ್ಲಿ ಅದು ನಿಂತರೆ ಏನು ಮಾಡಬೇಕೋ ಗೊತ್ತಿಲ್ಲ, ಸದ್ಯಕ್ಕೆ ಆಟೋ ಅಪ್‌ಡೇಟ್ ಆಫ್ ಮಾಡಿ ಇಟ್ಟಿದ್ದೇನೆ.