ಗಾಜು ಉತ್ತಮ, ಹೊಳಪು ಅನಗತ್ಯ: ಒಂದು ಲ್ಯಾಪಿಂಗ್ ಕಿಟ್‌ನ ವಿಮರ್ಶೆ

ಪ್ರೊಸೆಸರ್‌ನ ಲೋಹದ ಮುಚ್ಚಳವನ್ನೂ ಅದರ ಶಾಖ ಹೊರಹಾಕುವ ಹೀಟ್‌ಸಿಂಕ್‌ನ (ಕೂಲರ್‌ನ) ತಳವನ್ನೂ ಉಜ್ಜಿ ಮಟ್ಟಸಗೊಳಿಸಲೆಂದು, ಅಂದರೆ ಲ್ಯಾಪಿಂಗ್ ಮಾಡಲೆಂದು, ಮಾರಾಟವಾಗುವ ಕಿಟ್‌ಗಳಲ್ಲಿ ಇರುವುದು ಹೆಚ್ಚುಕಡಿಮೆ ಒಂದೇ ಬಗೆಯ ಸಾಮಗ್ರಿ: ದಪ್ಪನೆಯ ಗಾಜಿನ ಹಲಗೆ, 400ರಿಂದ 2000 ಗ್ರಿಟ್‌ವರೆಗಿನ (ಅಂಕಿ ಹೆಚ್ಚಿದಷ್ಟೂ ಕಣ ಸಣ್ಣದು) ವಾಟರ್ ಪೇಪರ್, ಪ್ರೊಸೆಸರನ್ನು ಕೂರಿಸಿಕೊಳ್ಳುವ ಪ್ಲಾಸ್ಟಿಕ್ ಹಿಡಿಕೆ, ಪಾಲಿಶ್ ಪೇಸ್ಟಿನ ಟ್ಯೂಬ್, ಒರೆಸುವ ಬಟ್ಟೆ ಮತ್ತು ಒಂದು ಕಿರು ಕೈಪಿಡಿ. ನಾನು ಬಳಸಿ ನೋಡಿದ್ದೂ ಇಂಥದೇ ಒಂದು ಕಿಟ್. ಅದರ ಪೆಟ್ಟಿಗೆಯ ಮೇಲೆ ಮುಖ ಕಾಣುವಷ್ಟು ಹೊಳೆಯುವ ತಾಮ್ರದ ಚಿತ್ರವಿದೆ, ಕೊಳ್ಳುವವರ ಕಣ್ಣು ಮೊದಲು ಹೋಗುವುದೂ ಅಲ್ಲಿಗೇ. ಆದರೆ ಒಳಗಿರುವುದರಲ್ಲಿ ನಿಜವಾಗಿ ಬೆಲೆಬಾಳುವುದು ಗಾಜಿನ ಹಲಗೆಯೊಂದೇ.

ಕಾರಣ ಸರಳ. ಮುಚ್ಚಳವೂ ತಳವೂ ಬರಿಗಣ್ಣಿಗೆ ಎಷ್ಟೇ ನಯವಾಗಿ ಕಂಡರೂ ಒಂದರಲ್ಲಿ ತಗ್ಗು, ಇನ್ನೊಂದರಲ್ಲಿ ಉಬ್ಬು ಇದ್ದೇ ಇರುತ್ತದೆ, ಅವುಗಳ ನಡುವೆ ಉಳಿಯುವ ಸಂದನ್ನು ಥರ್ಮಲ್ ಪೇಸ್ಟ್ ಎಂಬ ಶಾಖ ಸಾಗಿಸುವ ಲೇಪ ತುಂಬಬೇಕಾಗುತ್ತದೆ. ಶಾಖವನ್ನು ಸಾಗಿಸುವ ಶಕ್ತಿಯನ್ನು ಹೋಲಿಸಿದರೆ ತಾಮ್ರದ ಅಂಕಿ ಪ್ರತಿ ಮೀಟರ್-ಕೆಲ್ವಿನ್‌ಗೆ ಸುಮಾರು 400 ವ್ಯಾಟ್, ಮುಚ್ಚಳದ ಲೇಪನವಾದ ನಿಕಲ್‌ನದು ಸುಮಾರು 90. ಒಳ್ಳೆಯ ಪೇಸ್ಟ್ ಹತ್ತರ ಆಸುಪಾಸಿನಲ್ಲಿದ್ದರೆ ಗಾಳಿ 0.026ರಷ್ಟು ಮಾತ್ರ. ಪೇಸ್ಟ್ ಗಾಳಿಗಿಂತ ನೂರಾರು ಪಟ್ಟು ಮೇಲು, ತಾಮ್ರಕ್ಕಿಂತ ಹತ್ತಾರು ಪಟ್ಟು ಕೀಳು. ಆದುದರಿಂದ ಅದರ ಪದರ ಎಷ್ಟು ತೆಳುವಾದರೆ ಅಷ್ಟು ಒಳ್ಳೆಯದು, ಮತ್ತು ಪದರ ತೆಳುವಾಗಬೇಕಾದರೆ ಎರಡೂ ಮೈಗಳು ಒಂದಕ್ಕೊಂದು ಹೊಂದಿಕೊಳ್ಳಬೇಕು.

ಇದರಿಂದ ಎಷ್ಟು ಲಾಭ ಬಂದೀತು ಎಂಬುದನ್ನು ಉಜ್ಜುವ ಮೊದಲೇ ಕಾಗದದ ಮೇಲೆ ಲೆಕ್ಕ ಹಾಕಬಹುದು, ಆದರೆ ಕೈಪಿಡಿ ಆ ಗೊಡವೆಗೇ ಹೋಗಿಲ್ಲ. ಶಾಖ ಹೊರಬರುವ ಸಿಲಿಕಾನ್ ಚಿಪ್ಪಿನ ಮೇಲ್ಭಾಗದ ವಿಸ್ತಾರ 2.5 ಚದರ ಸೆಂಟಿಮೀಟರ್, ಪೇಸ್ಟಿನ ಅಂಕಿ 8, ಸಂದು 0.05 ಮಿಲಿಮೀಟರ್ ಎಂದಿಟ್ಟುಕೊಳ್ಳೋಣ. ಶಾಖ ಮುಚ್ಚಳದಲ್ಲಿ ಅಗಲಕ್ಕೆ ಹರಡುವುದನ್ನು ಬದಿಗಿಟ್ಟರೆ, 200 ವ್ಯಾಟ್ ಹರಿಯುವಾಗ ಆ ಪದರವೊಂದರಲ್ಲೇ 5 ಡಿಗ್ರಿಯ ವ್ಯತ್ಯಾಸ ಹುಟ್ಟುತ್ತದೆ. ಸಂದನ್ನು 0.02 ಮಿಲಿಮೀಟರಿಗೆ ಇಳಿಸಿದರೆ ವ್ಯತ್ಯಾಸ 2 ಡಿಗ್ರಿಗೆ ಇಳಿಯುತ್ತದೆ, ಅಂದರೆ ಗಳಿಕೆ 3 ಡಿಗ್ರಿ. ಅದೇ ಸಂದು 65 ವ್ಯಾಟಿನ ಪ್ರೊಸೆಸರ್‌ನಲ್ಲಿದ್ದರೆ ಒಟ್ಟು ವ್ಯತ್ಯಾಸವೇ ಒಂದೂವರೆ ಡಿಗ್ರಿಯಷ್ಟು, ಹಾಗಾಗಿ ಗಳಿಕೆ ಒಂದು ಡಿಗ್ರಿಯ ಆಚೀಚೆ. ಶಾಖದ ಹರಡುವಿಕೆಯನ್ನೂ ಸೇರಿಸಿ ಲೆಕ್ಕ ಹಾಕಿದರೆ ಈ ಅಂಕಿಗಳು ಇನ್ನಷ್ಟು ಕುಗ್ಗುತ್ತವೆ. ಸಾಮಾನ್ಯ ಕೆಲಸಕ್ಕೆ ಬಳಸುವ ಕಂಪ್ಯೂಟರ್‌ಗೆ ಈ ಕಿಟ್ ಬೇಡವೇ ಬೇಡ ಎಂದು ಹೇಳಲು ಇಷ್ಟು ಸಾಕು.

ಹಾಗಿದ್ದರೂ ಈ ಪದ್ಧತಿಗೆ ಒಂದು ಕಾಲದಲ್ಲಿ ಬಂದಿದ್ದ ಹೆಸರು ಸುಳ್ಳಲ್ಲ. 2007ರ ಆರಂಭದಲ್ಲಿ ಬಂದ ಇಂಟೆಲ್‌ನ ಕೋರ್ 2 ಕ್ವಾಡ್ ಕ್ಯೂ6600 ಇದಕ್ಕೆ ಪ್ರಸಿದ್ಧ ಉದಾಹರಣೆ: ಮುಚ್ಚಳದ ನಡುವೆ ತಗ್ಗಿದ್ದ ಪ್ರತಿಗಳು ಅನೇಕ ಬಳಕೆದಾರರ ಕೈಗೆ ಬಂದಿದ್ದವು, 2.4 ಗಿಗಾಹರ್ಟ್ಸ್‌ನ ಆ ಚಿಪ್ಪನ್ನು 3 ಗಿಗಾಹರ್ಟ್ಸ್ ದಾಟಿಸುವ ಹುಮ್ಮಸ್ಸು ಎಲ್ಲರಲ್ಲೂ ಇತ್ತು, ಚಿಪ್ಪಿಗೂ ಮುಚ್ಚಳಕ್ಕೂ ನಡುವೆ ಬೆಸುಗೆ ಇದ್ದುದರಿಂದ ಉಳಿದಿದ್ದ ಅಡಚಣೆ ಬಹುಪಾಲು ಹೊರಗಿನ ಸಂದಿನಲ್ಲೇ ಇತ್ತು. ಆದರೆ 2012ರ ಐವಿ ಬ್ರಿಡ್ಜ್ ಪೀಳಿಗೆಯಲ್ಲಿ ಇಂಟೆಲ್ ಒಳಗಿನ ಬೆಸುಗೆಯ ಜಾಗದಲ್ಲಿ ಪೇಸ್ಟ್ ಬಳಸಿತು. ಆಗ ಮುಚ್ಚಳದ ಮೇಲ್ಮೈಯನ್ನು ಎಷ್ಟು ಉಜ್ಜಿದರೂ ಮುಖ್ಯ ಅಡ್ಡಿ ಅದರ ಕೆಳಗೇ ಉಳಿಯುತ್ತಿತ್ತು. ಮುಚ್ಚಳವನ್ನೇ ಕಿತ್ತು ಒಳಗಿನ ಪೇಸ್ಟ್ ಬದಲಿಸುವ ಸಾಹಸಕ್ಕೆ ಜನ ಇಳಿದದ್ದು ಅದಕ್ಕಾಗಿಯೇ. ಕಿಟ್‌ನ ಕೈಪಿಡಿ ಈ ಎರಡು ಬಗೆಯ ಪ್ರೊಸೆಸರ್‌ಗಳ ನಡುವೆ ಭೇದವನ್ನೇ ಮಾಡುವುದಿಲ್ಲ.

ಈಗ ಸಾಮಗ್ರಿಯ ವಿಚಾರ. ಗಾಜಿನ ಹಲಗೆ ನಿಜಕ್ಕೂ ಚೆನ್ನಾಗಿದೆ: ಭಾರವಾಗಿದೆ, ಅಂಚುಗಳನ್ನು ಮೊಂಡು ಮಾಡಿದ್ದಾರೆ, ಕೆಳಗೆ ಜಾರದ ರಬ್ಬರ್ ಪಾದಗಳಿವೆ, ಉಕ್ಕಿನ ಅಳತೆಪಟ್ಟಿಯನ್ನು ಅಡ್ಡಲಾಗಿ ನಿಲ್ಲಿಸಿ ಹಿಂದಿನಿಂದ ಬೆಳಕು ಬಿಟ್ಟರೆ ಎಲ್ಲೂ ಸಂದು ಕಾಣುವುದಿಲ್ಲ. ಗಾಜಿನ ಮೇಲೆ ನೀರು ಚಿಮುಕಿಸಿ ವಾಟರ್ ಪೇಪರ್ ಹಾಸಿದರೆ ಅದು ಅಂಟಿಕೊಂಡು ನಿಲ್ಲುತ್ತದೆ, ಉಜ್ಜುವಾಗ ಸುಕ್ಕಾಗುವುದಿಲ್ಲ. ಮರದ ಮೇಜಿನ ಮೇಲೆ ಉಪ್ಪುಕಾಗದ ಹಾಸಿ ಉಜ್ಜುವವರಿಗೆ ಮಟ್ಟಸತನ ಸಿಗದಿರುವುದು ಕಾಗದದ ದೋಷದಿಂದಲ್ಲ, ಅಡಿಯಲ್ಲಿರುವ ಮೇಜೇ ಮಟ್ಟಸವಾಗಿಲ್ಲದ್ದರಿಂದ.

ಕಾಗದಗಳ ಬಗ್ಗೆ ಅಷ್ಟು ಒಳ್ಳೆಯ ಮಾತು ಹೇಳಲಾರೆ. ಹಾಳೆಯ ಹಿಂದೆ ಬರೀ ಅಂಕಿಯಿದೆಯೇ ಹೊರತು ಅದು ಯಾವ ಮಾನದಂಡದ ಅಂಕಿ ಎಂಬುದಿಲ್ಲ. ಯುರೋಪಿನ ಮಾನದಂಡದಲ್ಲಿ ಅಂಕಿಯ ಮೊದಲು ‘ಪಿ’ ಅಕ್ಷರವಿರುತ್ತದೆ, ಪಿ400ರ ಕಣ ಸುಮಾರು 35 ಮೈಕ್ರಾನ್, ಪಿ2000ರ ಕಣ ಸುಮಾರು 10 ಮೈಕ್ರಾನ್. ಅಮೆರಿಕದ ಮಾನದಂಡದಲ್ಲಿ ಅದೇ ದೊಡ್ಡ ಅಂಕಿಗಳಿಗೆ ಇನ್ನೂ ಸಣ್ಣ ಕಣ. ಎರಡು ಮಾನದಂಡಗಳ ಹಾಳೆಗಳು ಒಂದೇ ಕಟ್ಟಿನಲ್ಲಿ ಬೆರೆತರೆ ಹಿಂದಿನ ಹಾಳೆ ಎಬ್ಬಿಸಿದ ಗೀರುಗಳನ್ನು ಮುಂದಿನದು ಅಳಿಸಬೇಕೆಂಬ ಕ್ರಮವೇ ತಪ್ಪುತ್ತದೆ. ಈ ಕಟ್ಟಿನಲ್ಲಿ 800ರ ಹಾಳೆಗಿಂತ 1000ದ ಹಾಳೆ ಒರಟಾಗಿ ಕಡಿಯುತ್ತಿತ್ತು. 400ರ ಹಾಳೆಗಳನ್ನು ಇನ್ನಷ್ಟು ಕೊಡಬೇಕಿತ್ತು, ಏಕೆಂದರೆ ಲೋಹ ತೆಗೆಯುವ ಕೆಲಸವೆಲ್ಲ ಅದರದೇ, ಉಳಿದವು ಅದರ ಗೀರುಗಳನ್ನು ಸಣ್ಣದಾಗಿಸುವವು ಮಾತ್ರ.

ಪ್ಲಾಸ್ಟಿಕ್ ಹಿಡಿಕೆ ಕೈಯನ್ನು ದಣಿಸುವುದಿಲ್ಲ, ಆದರೆ ಎತ್ತರವಾಗಿದೆ. ಎತ್ತರದಲ್ಲಿ ಹಿಡಿದು ತಳ್ಳಿದಾಗ ಒತ್ತಡ ಮುಂದಿನ ಅಂಚಿಗೆ ವಾಲಿ ಆ ಅಂಚು ಬೇಗ ಸವೆಯುತ್ತದೆ. ತಗ್ಗಿದ್ದ ಮುಚ್ಚಳ ಹೀಗೆ ಉಬ್ಬಿದ ಮುಚ್ಚಳವಾಗಿಬಿಡಬಹುದು. ಹಿಡಿಕೆ ಬಿಟ್ಟು ಬೆರಳುಗಳನ್ನು ತೀರಾ ಕೆಳಗೆ ಇಟ್ಟುಕೊಂಡು, ಭಾರ ಹಾಕದೆ ನೇರವಾಗಿ ಎಳೆದು, ಆಗಾಗ ಕಾಲು ಸುತ್ತು ತಿರುಗಿಸುತ್ತ ಹೋಗುವುದೇ ಮೇಲು. ಮೇಲ್ಮೈಗೆ ಮಾರ್ಕರ್ ಪೆನ್ನಿನಿಂದ ಗೆರೆಗಳ ಬಲೆ ಬರೆದುಕೊಂಡರೆ ಯಾವ ಗೆರೆ ಮೊದಲು ಅಳಿಯಿತು ಎಂಬುದರಿಂದ ಉಬ್ಬಿದ ಜಾಗ ಯಾವುದೆಂದು ತಿಳಿಯುತ್ತದೆ. ಪೆಟ್ಟಿಗೆಯಲ್ಲಿ ಮಾರ್ಕರ್ ಇಲ್ಲ, ಇರಬೇಕಿತ್ತು. ಅದರ ಜಾಗದಲ್ಲಿರುವ ಪಾಲಿಶ್ ಪೇಸ್ಟಿನ ಟ್ಯೂಬನ್ನು ತೆರೆಯದೆಯೇ ಪಕ್ಕಕ್ಕಿಡಬಹುದು: ಹೊಳಪಿಗೂ ಮಟ್ಟಸತನಕ್ಕೂ ಸಂಬಂಧವಿಲ್ಲ, ಮೆತ್ತನೆಯ ಬಟ್ಟೆಯಿಂದ ಉಜ್ಜಿದರೆ ಅಂಚುಗಳು ದುಂಡಾಗುತ್ತವೆ, ಪೇಸ್ಟಿನ ಜಿಡ್ಡನ್ನು ಪೂರ್ತಿ ತೆಗೆಯುವುದು ಬೇರೊಂದು ತಲೆನೋವು.

ಕೈಪಿಡಿಯ ದೊಡ್ಡ ಕೊರತೆ ಇರುವುದು ಬೇರೆಡೆ. ಗಾಜಿನ ಮೇಲೆ ಮಟ್ಟಸವಾದದ್ದು ಮದರ್‌ಬೋರ್ಡಿನ ಸಾಕೆಟ್ಟಿನಲ್ಲಿ ಕೂತ ಮೇಲೂ ಮಟ್ಟಸವಾಗಿರುತ್ತದೆ ಎಂದು ಅದು ನಂಬಿಕೊಂಡಿದೆ. 2021ರಲ್ಲಿ 12ನೇ ಪೀಳಿಗೆಯೊಂದಿಗೆ ಬಂದ ಇಂಟೆಲ್‌ನ ಎಲ್‌ಜಿಎ 1700 ಸಾಕೆಟ್ಟಿನಲ್ಲಿ ಪ್ರೊಸೆಸರ್ ಉದ್ದನೆಯದು, ಅದನ್ನು ಅದುಮುವ ಲೋಹದ ಚೌಕಟ್ಟು ಉದ್ದದ ಎರಡು ಬದಿಗಳ ನಡುಭಾಗವನ್ನು ಮಾತ್ರ ಒತ್ತುತ್ತದೆ, ಹಾಗಾಗಿ ಮುಚ್ಚಳ ನಡುವೆ ಬಾಗುತ್ತದೆ. ಗಾಜಿನ ಮೇಲೆ ಶ್ರಮಪಟ್ಟು ಗಳಿಸಿದ ಮಟ್ಟಸತನದ ಒಂದು ಪಾಲು ಲಿವರ್ ಎಳೆದ ಕೂಡಲೇ ಕರಗಿಹೋಗುತ್ತದೆ. ಒತ್ತಡವನ್ನು ಸುತ್ತಲೂ ಹಂಚುವ ಬೇರೆ ಚೌಕಟ್ಟುಗಳು ಮಾರುಕಟ್ಟೆಗೆ ಬಂದದ್ದು ಇದಕ್ಕಾಗಿಯೇ, ಮತ್ತು ಆ ಸಾಕೆಟ್ಟಿನವರು ಮೊದಲು ಯೋಚಿಸಬೇಕಾದದ್ದೂ ಅದನ್ನೇ.

ಹೀಟ್‌ಸಿಂಕ್ ಕಡೆಯಿಂದಲೂ ಇದೇ ಪೇಚು. ಅನೇಕ ತಯಾರಕರು ತಳವನ್ನು ಬೇಕೆಂದೇ ಕೊಂಚ ಉಬ್ಬಿಸಿರುತ್ತಾರೆ, ಸ್ಕ್ರೂ ಬಿಗಿದಾಗ ಒತ್ತಡ ಚಿಪ್ಪಿರುವ ನಡುಭಾಗದ ಮೇಲೆ ಬೀಳಲಿ ಎಂದು. ನಾಕ್ಟುವಾ ಕಂಪನಿ 2024ರಲ್ಲಿ ತಂದ ಎನ್‌ಎಚ್-ಡಿ15 ಜಿ2 ಕೂಲರ್ ತಳದ ಉಬ್ಬಿನ ಪ್ರಮಾಣಕ್ಕೆ ತಕ್ಕಂತೆ ಮೂರು ರೂಪಗಳಲ್ಲಿ ಸಿಗುತ್ತದೆ. ಹೆಚ್ಚು ಉಬ್ಬಿರುವುದು ಬಾಗಿದ ಎಲ್‌ಜಿಎ 1700 ಮುಚ್ಚಳಕ್ಕೆಂದೇ ಇರುವಂಥದ್ದು. ಅಂಥ ತಳವನ್ನು ಉಜ್ಜಿ ಚಪ್ಪಟೆ ಮಾಡಿ ಬಾಗಿದ ಮುಚ್ಚಳದ ಮೇಲೆ ಕೂರಿಸಿದರೆ ತಾಪ ಇಳಿಯುವ ಬದಲು ಏರೀತು. ಶಾಖನಳಿಗೆಗಳೇ ನೇರವಾಗಿ ಪ್ರೊಸೆಸರನ್ನು ಮುಟ್ಟುವ ಬಗೆಯ ಕೂಲರ್‌ಗಳನ್ನಂತೂ ಈ ಕಾಗದಗಳ ಹತ್ತಿರ ತರಲೇಬಾರದು. ನಳಿಗೆಯ ಗೋಡೆ ತೆಳು, ಅದು ತೂತಾದರೆ ಒಳಗಿನ ದ್ರವ ಹೋಗಿ ಕೂಲರ್ ಬರೀ ಲೋಹದ ತುಂಡಾಗಿ ಉಳಿಯುತ್ತದೆ.

ಎಎಂಡಿಯ ಎಎಂ5 ಸಾಕೆಟ್ಟಿನ ಪ್ರೊಸೆಸರ್‌ಗಳದು ಇನ್ನೊಂದು ಕಥೆ. ಹಳೆಯ ಎಎಂ4 ಕೂಲರ್‌ಗಳು ಹೊಂದಲಿ ಎಂದು ಎತ್ತರ ಕಾಪಾಡಿಕೊಂಡದ್ದರಿಂದ ಮುಚ್ಚಳ ದಪ್ಪವಾಗಿದೆ, ಅದರ ಕಾಲುಗಳ ನಡುವಿನ ಬಯಲು ಜಾಗದಲ್ಲಿ ಸಣ್ಣ ಕೆಪಾಸಿಟರ್‌ಗಳಿವೆ. ಉಜ್ಜುವಾಗ ಹುಟ್ಟುವ ತಾಮ್ರದ ಕೆಸರು ಅಲ್ಲಿ ನುಗ್ಗಿದರೆ ಶಾರ್ಟ್ ಆಗುವ ಅಪಾಯವಿದೆ. ಟೇಪ್ ಸುತ್ತಿ ಮುಚ್ಚಬೇಕು, ಕೊನೆಗೆ ಐಸೋಪ್ರೊಪೈಲ್ ಆಲ್ಕೊಹಾಲಿನಿಂದ ತೊಳೆದು ಪೂರ್ತಿ ಒಣಗಿಸಬೇಕು. ಇಷ್ಟೆಲ್ಲ ಮಾಡಿದರೂ ರೈಜೆನ್ 7000 ಸಾಲಿನ ಹೆಚ್ಚು ವ್ಯಾಟಿನ ಚಿಪ್ಪುಗಳು ಪೂರ್ಣ ಹೊರೆಯಲ್ಲಿ 95 ಡಿಗ್ರಿಯವರೆಗೆ ಹೋಗುವಂತೆಯೇ ರೂಪುಗೊಂಡಿವೆ. ಕೂಲಿಂಗ್ ಸುಧಾರಿಸಿದರೆ ತಾಪದ ಅಂಕಿ ಅಲ್ಲೇ ನಿಂತು ಗಿಗಾಹರ್ಟ್ಸ್‌ನಲ್ಲಿ ಅಳೆಯುವ ಚಿಪ್ಪಿನ ಗಡಿಯಾರದ ವೇಗ ಮಾತ್ರ ತುಸು ಏರಬಹುದು. ತಾಪವನ್ನಷ್ಟೇ ನೋಡುವವರಿಗೆ ಕಿಟ್ ಏನೂ ಮಾಡಲಿಲ್ಲವೆಂದು ಅನಿಸುವುದು ಸಹಜ.

ಉಜ್ಜುವುದಕ್ಕೆ ಹಿಂದಿರುಗುವ ದಾರಿಯಿಲ್ಲ ಎಂಬುದನ್ನೂ ಕೈಪಿಡಿ ಸಣ್ಣ ಅಕ್ಷರದಲ್ಲಿ ಅಡಗಿಸಿದೆ. ವಾರಂಟಿ ಹೋಗುತ್ತದೆ, ಮುಚ್ಚಳದ ಮೇಲಿನ ಮಾದರಿ ಸಂಖ್ಯೆ ಅಳಿಯುತ್ತದೆ, ಮರುಮಾರಾಟದಲ್ಲಿ ಕೊಳ್ಳುವವರು ಅನುಮಾನಿಸುತ್ತಾರೆ. ಕೆಲವೇ ಮೈಕ್ರಾನ್ ದಪ್ಪದ ನಿಕಲ್ ಲೇಪನ ಹೋದ ಮೇಲೆ ಬರಿಯ ತಾಮ್ರ ಗಾಳಿಗೆ ಕಂದುತ್ತದೆ. ಅದರ ಮೇಲೆ ಪೇಸ್ಟಿನ ಬದಲು ಲಿಕ್ವಿಡ್ ಮೆಟಲ್ ಎಂಬ ಗ್ಯಾಲಿಯಂ ಬೆರೆತ ದ್ರವಲೋಹ ಹಚ್ಚಿದರೆ ಗ್ಯಾಲಿಯಂ ನಿಧಾನವಾಗಿ ತಾಮ್ರದೊಳಗೆ ಸೇರಿ ಮತ್ತೆ ಹಚ್ಚಬೇಕಾಗುತ್ತದೆ.

ನನ್ನ ಬಳಕೆಯಲ್ಲಿ ಫಲ ಸ್ಪಷ್ಟವಾಗಿ ಕಂಡದ್ದು ಯಂತ್ರದ ಗೀರುಗಳು ಎದ್ದು ಕಾಣುತ್ತಿದ್ದ, ಗಟ್ಟಿ ತಾಮ್ರದ ತಳವಿದ್ದ ಹಳೆಯ ಹೀಟ್‌ಸಿಂಕ್‌ನಲ್ಲಿ. ಅದರ ತಗ್ಗು ಅಳತೆಪಟ್ಟಿಗೇ ಕಾಣುತ್ತಿತ್ತು, ಉಜ್ಜಿದ ಮೇಲೆ ಅದೇ ಹೊರೆ, ಅದೇ ಫ್ಯಾನ್ ವೇಗ, ಅದೇ ಕೋಣೆಯ ತಾಪದಲ್ಲಿ ಕೆಲವು ಡಿಗ್ರಿ ಇಳಿಯಿತು, ಹೀಟ್‌ಸಿಂಕ್ ಬಿಚ್ಚಿ ನೋಡಿದಾಗ ನಡುವೆ ಪೇಸ್ಟಿನ ತೆಳ್ಳನೆಯ ಪದರವೇ ಉಳಿದಿತ್ತು. ಪ್ರೊಸೆಸರ್‌ನಿಂದ ಸಿಕ್ಕದ್ದು ಪೇಸ್ಟನ್ನು ಮತ್ತೆ ಹಚ್ಚಿದಾಗ ಬರುವ ಏರುಪೇರಿಗಿಂತ ದೊಡ್ಡದೆಂದು ಹೇಳಲಾರೆ. ತಳದಲ್ಲಿ ಕಾಣುವ ದೋಷವಿರುವ ಹಳೆಯ ಕೂಲರ್ ಉಳ್ಳವರಿಗೆ ಈ ಕಿಟ್ ಯೋಗ್ಯ, ಹೊಸ ಪ್ರೊಸೆಸರ್ ಕೊಂಡವರಿಗೆ ಅಲ್ಲ. ಕೊಂಡವರು ಕಾಗದ ಮುಗಿದ ಮೇಲೆ ಮತ್ತೆ ಇಡೀ ಕಿಟ್ ತರಿಸುವುದು ಬೇಡ. ಗಾಜು ಹಾಗೆಯೇ ಉಳಿಯುತ್ತದೆ, ಹಿಂದೆ ‘ಪಿ’ ಎಂದು ಸ್ಪಷ್ಟವಾಗಿ ಅಚ್ಚಾಗಿರುವ 400, 800, 1500ರ ಹಾಳೆಗಳನ್ನು ಬಿಡಿಯಾಗಿ ಕೊಂಡರೆ ಸಾಕು.